ಸದನದಲ್ಲಿ ಲೆಕ್ಕ ಕೇಳಿದ ಅಂಬೇಡ್ಕರ್

ಡಾ. ಬಿ.ಆರ್. ಅಂಬೇಡ್ಕರ್ ಎಂದ ಕೂಡಲೇ ನಮ್ಮೆಲ್ಲರಿಗೂ ಸಂವಿಧಾನ ನೆನಪಾಗುತ್ತದೆ. ಆದರೆ ಸಂವಿಧಾನ ಬರೆಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ಶಾಸಕರಾಗಿದ್ದರು. ಅವರು ಕುಳಿತಿದ್ದ ಮುಂಬಯಿ ಶಾಸನಸಭೆಯೇ ಆಗ ನಮ್ಮ ಹುಕ್ಕೇರಿಯ ಶಾಸನಸಭೆಯೂ ಆಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬೆಳಗಾವಿ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಅಲ್ಲಿ ಪಾಸಾದ ಕಾನೂನು ಇಲ್ಲಿ ನಡೆಯುತ್ತಿತ್ತು, ಅಲ್ಲಿ ಹಾಕಿದ ತೆರಿಗೆಯನ್ನು ಇಲ್ಲಿಯ ರೈತರು ಕಟ್ಟುತ್ತಿದ್ದರು. ಅದಕ್ಕೇ ಅವರ ಜೀವನದ ಈ ಭಾಗವನ್ನು ಬರೆಯಬೇಕು ಅನಿಸಿತು.

ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂದಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಇದರ ನಡುವೆ, 1918ರಿಂದ 1920ರವರೆಗೆ, ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅಂದರೆ ಅವರು ನಮ್ಮ ಕಾಮರ್ಸ್ ವಿಭಾಗದ ಮೇಷ್ಟ್ರು ಎಂದು ನಾನು ಧೈರ್ಯವಾಗಿ ಹೇಳಬಹುದು.

ಸರ್ಕಾರ ಅವರನ್ನು ಮುಂಬಯಿ ವಿಧಾನ ಪರಿಷತ್ತಿಗೆ ನಾಮಕರಣ ಮಾಡಿತು. 1927ರ ಫೆಬ್ರುವರಿ 18ರಂದು ಪ್ರಮಾಣವಚನ ಸ್ವೀಕರಿಸಿದರು. ಒಂದೇ ವಾರದಲ್ಲಿ, ಫೆಬ್ರುವರಿ 24ರಂದು, ಬಜೆಟ್ ಮೇಲೆ ಮಾತಾಡಿದರು. ಆದಾಯ ತೆರಿಗೆಗೆ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಗಳಿಸುವವನು ತೆರಿಗೆ ಕಟ್ಟಬೇಕಿಲ್ಲ. ಆದರೆ ಭೂಕಂದಾಯಕ್ಕೆ ಆ ರಿಯಾಯಿತಿ ಇಲ್ಲ. ಒಂದು ಎಕರೆಯ ಬಡ ರೈತನೂ ದೊಡ್ಡ ಜಹಗೀರುದಾರನೂ ಒಂದೇ ದರದಲ್ಲಿ ಕಟ್ಟಬೇಕು, ಬೆಳೆ ಬರಲಿ ಬಿಡಲಿ. ಇದು ಯಾವ ನ್ಯಾಯ ಎಂಬುದು ಅವರ ಆಕ್ಷೇಪವಾಗಿತ್ತು.

ನನ್ನ ಮನಸ್ಸಿನಲ್ಲಿ ಬಹಳ ನಿಂತದ್ದು ಮಾರ್ಚ್ 12ರಂದು ಶಿಕ್ಷಣದ ಅನುದಾನದ ಮೇಲೆ ಅವರು ಮಾಡಿದ ಭಾಷಣ. ಅದರ ತುಂಬ ಅಂಕಿಗಳೇ. ಸರ್ಕಾರ ಶಿಕ್ಷಣಕ್ಕಾಗಿ ತಲಾ 14 ಆಣೆ ಖರ್ಚು ಮಾಡುತ್ತಿತ್ತು. ಅಬಕಾರಿಯಿಂದ ಮಾತ್ರ ತಲಾ 2 ರೂಪಾಯಿ 2 ಆಣೆ 9 ಪೈ ವಸೂಲು ಮಾಡುತ್ತಿತ್ತು. ಹೆಚ್ಚುಕಡಿಮೆ ಎರಡೂವರೆ ಪಟ್ಟು! ಹೆಂಡದಿಂದ ಜನರ ಕೈಯಿಂದ ಎಷ್ಟು ತೆಗೆದುಕೊಳ್ಳುತ್ತೀರೋ ಅಷ್ಟನ್ನಾದರೂ ಅವರ ಮಕ್ಕಳ ಓದಿಗೆ ಕೊಡಿ ಎಂದು ಅವರು ಕೇಳಿದರು. ಪ್ರಾಥಮಿಕ ಶಾಲೆಗೆ ಸೇರಿದ 100 ಮಕ್ಕಳಲ್ಲಿ 18 ಮಕ್ಕಳು ಮಾತ್ರ ನಾಲ್ಕನೆಯ ಇಯತ್ತೆ ಮುಟ್ಟುತ್ತಾರೆ ಎಂದು ತೋರಿಸಿದರು. ಕಾಲೇಜುಗಳ ಖರ್ಚಿನಲ್ಲಿ ಸುಮಾರು ಶೇ. 36ರಷ್ಟು ವಿದ್ಯಾರ್ಥಿಗಳ ಫೀಯಿಂದಲೇ ಬರುತ್ತಿದ್ದುದನ್ನು ಎತ್ತಿ ಹೇಳಿ, ಶಿಕ್ಷಣವನ್ನು ವ್ಯಾಪಾರ ಮಾಡಬಾರದು ಎಂದರು.

ಅದೇ ಭಾಷಣದಲ್ಲಿ ಸಮುದಾಯವಾರು ಅಂಕಿಗಳೂ ಇದ್ದವು. ಪ್ರಾಥಮಿಕ ಶಾಲೆಯದ್ದು ಸಾವಿರಕ್ಕೆ, ಪ್ರೌಢಶಾಲೆಯದ್ದು ಲಕ್ಷಕ್ಕೆ, ಕಾಲೇಜಿನದ್ದು ಎರಡು ಲಕ್ಷಕ್ಕೆ ಎಂದು ಕೊಟ್ಟಿದ್ದರು. ನಾನು ಎಲ್ಲವನ್ನೂ ಸಾವಿರದ ಲೆಕ್ಕಕ್ಕೆ ತಂದು ನೋಡಿದೆ. ಮುಂದುವರಿದ ಹಿಂದೂಗಳಲ್ಲಿ ಪ್ರಾಥಮಿಕ ಶಾಲೆಯಲ್ಲಿ ಸಾವಿರಕ್ಕೆ 119, ಪ್ರೌಢಶಾಲೆಯಲ್ಲಿ 30, ಕಾಲೇಜಿನಲ್ಲಿ 5. ಮುಸ್ಲಿಮರಲ್ಲಿ ಪ್ರಾಥಮಿಕ 92, ಪ್ರೌಢಶಾಲೆಗೆ ಬರುವಷ್ಟರಲ್ಲಿ 5. ಕಾಲೇಜಿನಲ್ಲಿ ಸುಮಾರು ನಾಲ್ಕು ಸಾವಿರಕ್ಕೆ ಒಬ್ಬರು. ಹಿಂದುಳಿದ ವರ್ಗದವರಲ್ಲಿ ಪ್ರಾಥಮಿಕ 18. ಪ್ರೌಢಶಾಲೆಯಲ್ಲಿ ಏಳು ಸಾವಿರಕ್ಕೆ ಒಬ್ಬರು. ಕಾಲೇಜಿನಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಹಿಂದೆ ಉಳಿದವರನ್ನು ಸಮಕ್ಕೆ ತರಬೇಕಾದರೆ ಅವರಿಗೆ ಹೆಚ್ಚು ಕೊಡಲೇಬೇಕು ಎಂಬುದು ಅವರ ವಾದ.

ಈ 92 ಮತ್ತು 5ರ ನಡುವಿನ ಮಕ್ಕಳು ಎಲ್ಲಿಗೆ ಹೋದರು? ನಾನು ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಮನೆಯಲ್ಲಿ ಪಿಯುಸಿ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಜೊತೆ ಉರ್ದು ಶಾಲೆಯಲ್ಲಿ ಓದಿದ ಗೆಳತಿಯರಲ್ಲಿ ಕೆಲವರು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಾರೆ, ಇಬ್ಬರ ನಿಕಾಹ್ ಆಗಿದೆ. ಅವರಲ್ಲಿ ಒಬ್ಬಳು ಲೆಕ್ಕದಲ್ಲಿ ನನಗಿಂತ ಚುರುಕು. ಅಂಕಿ ಈಗ ಬಹಳ ಸುಧಾರಿಸಿದೆ, ಆದರೆ ಪ್ರಶ್ನೆ ಹಳೆಯದಾಗಿಲ್ಲ.

ಆ ಭಾಷಣವಾದ ಎಂಟನೆಯ ದಿನ, ಮಾರ್ಚ್ 20ರಂದು, ಅಂಬೇಡ್ಕರ್ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂಬ ಠರಾವನ್ನು ಇದೇ ಪರಿಷತ್ತು 1923ರಲ್ಲೇ ಪಾಸು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಸಿಕ್ಕಿರಲಿಲ್ಲ. ಸದನದಲ್ಲಿ ಪಾಸಾದದ್ದು ಊರಿನಲ್ಲಿ ನಡೆಯುತ್ತಿದೆಯೇ ಎಂದು ನೋಡುವುದೂ ಸದಸ್ಯನ ಕೆಲಸ ಎಂಬುದನ್ನು ಅವರು ಹೀಗೆ ತೋರಿಸಿದರು.

1928ರ ಮಾರ್ಚ್ 19ರಂದು ಅವರು ಮಹಾರ್ ವತನ ಮಸೂದೆ ಮಂಡಿಸಿದರು. ನಮ್ಮ ಮನೆಯಲ್ಲಿ ವತನ್ ಅಂದರೆ ಸ್ವದೇಶ, ಹುಟ್ಟಿದ ನಾಡು; ಪ್ರೀತಿಯ ಶಬ್ದ. ಅದೇ ಶಬ್ದ ಹಳ್ಳಿಯ ದಫ್ತರದಲ್ಲಿ ಬೇರೆ ಅರ್ಥ ಪಡೆಯಿತು. ತುಂಡು ಇನಾಮು ಜಮೀನು ಮತ್ತು ಸುಗ್ಗಿಯಲ್ಲಿ ಕೊಡುವ ಒಂದಿಷ್ಟು ಕಾಳಿಗಾಗಿ ಇಡೀ ಕುಟುಂಬ ಹಗಲು ರಾತ್ರಿ ಎನ್ನದೆ ಸರ್ಕಾರದ ಮತ್ತು ಊರಿನ ಚಾಕರಿ ಮಾಡಬೇಕು. ತಂದೆ ಮನೆಯಲ್ಲಿಲ್ಲದಿದ್ದರೆ ಮಗ ಹೋಗಬೇಕು. ಈ ಬಂಧನ ಬಿಡಿಸುವುದೇ ಮಸೂದೆಯ ಉದ್ದೇಶ. ಆಯ್ಕೆ ಸಮಿತಿಯಲ್ಲಿ ಅದರ ರೂಪವೇ ಕೆಟ್ಟಾಗ 1929ರ ಜುಲೈನಲ್ಲಿ ಅವರು ಅದನ್ನು ಹಿಂತೆಗೆದುಕೊಂಡರು.

1928ರಲ್ಲೇ ಗಿರಣಿಯಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆಯನ್ನು ಬೆಂಬಲಿಸಿದರು. ಇದು ಗೆದ್ದಿತು, 1929ರಲ್ಲಿ ಕಾಯ್ದೆಯಾಯಿತು. 1937ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಚುನಾವಣೆ ಗೆದ್ದು ಬಂದು, ಕೊಂಕಣದ ಖೋತಿ ಜಮೀನುದಾರಿ ರದ್ದುಮಾಡುವ ಮಸೂದೆ ತಂದರು. ಅದು ಆಗ ಪಾಸಾಗಲಿಲ್ಲ. 1938ರಲ್ಲಿ ಮುಷ್ಕರಕ್ಕೆ ಕಡಿವಾಣ ಹಾಕುವ ಕೈಗಾರಿಕಾ ವಿವಾದ ಮಸೂದೆಯನ್ನು ವಿರೋಧಿಸಿದರು. ಬಹುಮತದ ಮುಂದೆ ಅದೂ ನಡೆಯಲಿಲ್ಲ. ನವೆಂಬರ್ 7ರಂದು ಕಾರ್ಮಿಕರ ಒಂದು ದಿನದ ಮುಷ್ಕರ ನಡೆಸಿದರು.

ಮುಂದಿನದು ಎಲ್ಲರಿಗೂ ಗೊತ್ತು: ಕರಡು ಸಮಿತಿಯ ಅಧ್ಯಕ್ಷತೆ, ಕಾನೂನು ಮಂತ್ರಿ ಪದವಿ, ಹಿಂದೂ ಕೋಡ್ ಮಸೂದೆ ಪಾಸಾಗದಿದ್ದಾಗ 1951ರಲ್ಲಿ ರಾಜೀನಾಮೆ. 1952ರಲ್ಲಿ ಲೋಕಸಭೆ ಚುನಾವಣೆ ಸೋತು ರಾಜ್ಯಸಭೆಗೆ ಬಂದರು. 1956ರ ಡಿಸೆಂಬರ್ 6ರಂದು ತೀರಿಕೊಂಡರು.

ಅವರ ಶಾಸಕ ಜೀವನವನ್ನು ಖಾತೆ ಪುಸ್ತಕದಂತೆ ಬರೆದರೆ, ಆಯಾ ವರ್ಷದ ಕೊನೆಗೆ ನಷ್ಟವೇ ಹೆಚ್ಚು ಕಾಣುತ್ತದೆ. ಆದರೆ ಪುಟ ತಿರುಗಿಸಬೇಕು. ಖೋತಿ 1949ರ ಕಾಯ್ದೆಯಿಂದ ಹೋಯಿತು. ಹೆಣ್ಣುಮಕ್ಕಳ ಹಕ್ಕಿನ ಹಿಂದೂ ಕಾನೂನುಗಳು 1955 ಮತ್ತು 1956ರಲ್ಲಿ ಬಿಡಿಬಿಡಿಯಾಗಿ ಪಾಸಾದವು. ನಮ್ಮ ರಾಜ್ಯದಲ್ಲಿ ಊರ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದ ಕಾಯ್ದೆ ಬಂದದ್ದು 1961ರಲ್ಲಿ, ಅವರ ಮಸೂದೆಯ 33 ವರ್ಷಗಳ ನಂತರ. ಸೋತ ಮಸೂದೆ ಮುಳುಗಿದ ಸಾಲವಲ್ಲ, ತಡವಾಗಿ ವಸೂಲಾದ ಬಾಕಿ. ಆದರೆ ತಡವಾದ ಪ್ರತಿ ವರ್ಷಕ್ಕೂ ಯಾರೋ ಬಡವರು ಬಡ್ಡಿ ಕಟ್ಟಿರುತ್ತಾರೆ.

ಬರುವ ವರ್ಷ ನನಗೆ ಹದಿನೆಂಟು ತುಂಬುತ್ತದೆ, ನಿಮ್ಮಲ್ಲಿ ಅನೇಕರಿಗೂ. ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಿರಲಿ, ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದಿರಿ, ಯಾವ ಮಸೂದೆಗೆ ಕೈ ಎತ್ತಿದಿರಿ, ನಮ್ಮ ಶಾಲೆಗಳಿಗೆ ತಲಾ ಎಷ್ಟು ಖರ್ಚಾಯಿತು ಎಂದು ನಾವು ಮೊದಲು ಕೇಳೋಣ. ಲೆಕ್ಕ ಕೇಳುವುದು ಕಾಮರ್ಸ್‌ನವರ ಕೆಲಸ ಮಾತ್ರವಲ್ಲ.