ಅಲ್-ಝಹ್ರಾವಿ: ಕತ್ತಿ ಹಿಡಿಯುವ ಸಮಯವನ್ನು ಕಲಿಸಿದ ವೈದ್ಯ



ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಕಂಡರೆ ಕೊಯ್ಸಬೇಕೋ ಬೇಡವೋ, ಕೊಯ್ಸಿದರೆ ಎಷ್ಟು, ಆಮೇಲೆ ಗತಿಯೇನು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋವಾದಲ್ಲಿ ಬಾಳಿದ ವೈದ್ಯರೊಬ್ಬರು ಇದನ್ನು ಎದುರಿಸಿ, ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಅವರೇ ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಲ್-ಝಹ್ರಾವಿ. ಯುರೋಪಿನವರ ಬಾಯಲ್ಲಿ ಅವರು ಅಬುಲ್ಕಾಸಿಸ್ ಆದರು.

ಅವರು ಹುಟ್ಟಿದ್ದು ಸುಮಾರು 936ರಲ್ಲಿ, ಕಾರ್ಡೋವಾದ ಪಕ್ಕದ ಮದೀನತುಝ್ಝಹ್ರಾದಲ್ಲಿ. ಖಲೀಫ ಮೂರನೇ ಅಬ್ದುರ್ರಹ್ಮಾನರು ಕಟ್ಟಿಸಿದ ನಗರವದು. ಊರ ಹೆಸರೇ ಅಡ್ಡಹೆಸರಾಗುವುದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೂ ಉಂಟಲ್ಲ, ಹಾಗೆಯೇ ಅವರು ಝಹ್ರಾವಿ ಎನಿಸಿಕೊಂಡರು. ಅವರ ಮನೆ, ಸಂಸಾರದ ಬಗ್ಗೆ ದಾಖಲೆಗಳು ತೀರಾ ಕಡಿಮೆ. ಉಳಿದಿರುವುದು ಅವರ ಕೆಲಸ. ಸುಮಾರು ಐವತ್ತು ವರ್ಷಗಳ ಅನುಭವವನ್ನು ಅವರು ‘ಅತ್ತಸ್ರೀಫ್’ ಎಂಬ 30 ಭಾಗಗಳ ಗ್ರಂಥದಲ್ಲಿ ಇಳಿಸಿದರು. ಕ್ರಿ.ಶ. 1000ದ ಸುಮಾರಿಗೆ ಅದು ಪೂರ್ಣವಾಯಿತು. ಅದರ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ಸುಮಾರು 1013ರಲ್ಲಿ ಅವರು ತೀರಿಕೊಂಡರು. ಹನ್ನೆರಡನೇ ಶತಮಾನದಲ್ಲಿ ಕ್ರೆಮೊನಾದ ಜೆರಾರ್ಡ್ ಆ ಭಾಗವನ್ನು ಲ್ಯಾಟಿನ್ ಭಾಷೆಗೆ ತಂದ ಮೇಲೆ ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನೇ ಓದಿ ಕಲಿತರು.

ಈಗ ನಮ್ಮ ವಿಷಯಕ್ಕೆ ಬರೋಣ. ಕ್ಯಾನ್ಸರ್ ಬಗ್ಗೆ ಝಹ್ರಾವಿಯವರ ನಿಲುವು ಸ್ಪಷ್ಟವಾಗಿತ್ತು. ಸ್ತನದಂತಹ, ಪೂರ್ತಿ ತೆಗೆಯಲು ಸಾಧ್ಯವಿರುವ ಜಾಗದಲ್ಲಿ ಗಡ್ಡೆ ಇದ್ದು, ಅದು ಹೊಸದೂ ಸಣ್ಣದೂ ಆಗಿದ್ದರೆ ಬೇರು ಉಳಿಯದಂತೆ ಸುತ್ತಲೂ ಕೊಯ್ದು ತೆಗೆಯಬೇಕು. ಹಳೆಯದಾಗಿ ದೊಡ್ಡದಾಗಿದ್ದರೆ ಅದರ ಹತ್ತಿರ ಹೋಗಬಾರದು. ಅಂತಹ ರೋಗಿಯನ್ನು ತಾವೂ ಗುಣಪಡಿಸಲಿಲ್ಲ, ಬೇರೆಯವರು ಗುಣಪಡಿಸಿದ್ದನ್ನೂ ಕಾಣಲಿಲ್ಲ ಎಂದು ಅವರು ಒಪ್ಪಿಕೊಂಡರು. ಅಷ್ಟು ದೊಡ್ಡ ವೈದ್ಯರು ತಮ್ಮ ಸೋಲನ್ನು ಬರೆದಿಡಬೇಕಾದರೆ ಎಂತಹ ಪ್ರಾಮಾಣಿಕತೆ ಬೇಕು, ಯೋಚಿಸಿ.

ಇನ್ನೆರಡು ಸಂಗತಿಗಳನ್ನೂ ಗಮನಿಸಿ. ಹೆಂಗಸರ ಮೂತ್ರಕೋಶದ ಕಲ್ಲು ತೆಗೆಯುವ ಅಧ್ಯಾಯದಲ್ಲಿ, ಮಾನವಂತ ಹೆಣ್ಣುಮಗಳು ಪರಪುರುಷ ವೈದ್ಯನಿಗೆ ಮೈ ತೋರಿಸಲು ಹಿಂಜರಿಯುತ್ತಾಳೆಂದು ಅವರು ಹೇಳುತ್ತಾರೆ. ಹಾಗೆಂದು ಆಕೆಯನ್ನು ನೋವಿನಲ್ಲೇ ಬಿಡಿ ಎನ್ನುವುದಿಲ್ಲ. ನುರಿತ ಸೂಲಗಿತ್ತಿಯನ್ನು ಕರೆಸಿ, ಆಕೆಯ ಕೈಯಿಂದ ಚಿಕಿತ್ಸೆ ಮಾಡಿಸಿ ಎನ್ನುತ್ತಾರೆ. ಎರಡನೆಯದು, ಕೆಲವು ಗಂಡಸರ ಎದೆ ಹೆಂಗಸರಂತೆ ಬೆಳೆದು ಅವರಿಗೆ ಮುಜುಗರವಾದರೆ ಅರ್ಧಚಂದ್ರಾಕಾರವಾಗಿ ಕೊಯ್ದು, ಕೊಬ್ಬು ತೆಗೆದು ಹೊಲಿಯುವ ಕ್ರಮವನ್ನು ವಿವರಿಸಿದ್ದಾರೆ. ದೇಹದ ಆಕಾರ ಕೆಟ್ಟಾಗ ಆಗುವ ಸಂಕಟ ವೈದ್ಯರು ಗಮನಿಸಬೇಕಾದ ಸಂಕಟವೇ ಎಂಬುದು ಅವರಿಗೆ ಗೊತ್ತಿತ್ತು.

ಅವರ ನಂತರ ಎಂಟುನೂರು ವರ್ಷ ಕಳೆದರೂ ರೋಗಿಯ ಪಾಡು ಹೆಚ್ಚು ಸುಧಾರಿಸಿರಲಿಲ್ಲ. ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿಯವರ ಸ್ತನವನ್ನು 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ, ನೆಪೋಲಿಯನ್ನನ ಸೇನೆಯ ಹೆಸರಾಂತ ವೈದ್ಯ ಲಾರ್ರೆ ಅರಿವಳಿಕೆಯಿಲ್ಲದೆಯೇ ತೆಗೆದರು. ಅರಿವಳಿಕೆ ಬಳಕೆಗೆ ಬಂದದ್ದು 1846ರ ನಂತರ. ಆ ತಾಯಿ ಮತ್ತೆ 28 ವರ್ಷ ಬದುಕಿದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ತೆಗೆಯುವ ಕ್ರಮ ತಂದರು. ಬಹುಕಾಲ ಅದೇ ನಡೆಯಿತು.

ಇಂದು ಹಾಗಿಲ್ಲ. ಗಡ್ಡೆ ಸಣ್ಣದಿದ್ದರೆ ಅದನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಡಬಹುದು. ಇಟಲಿ ಮತ್ತು ಅಮೆರಿಕದ ವೈದ್ಯರು 20 ವರ್ಷಗಳ ಅಧ್ಯಯನದ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಹೀಗೆ ಸ್ತನ ಉಳಿಸಿಕೊಂಡವರೂ ಪೂರ್ತಿ ತೆಗೆಸಿದವರೂ ಒಂದೇ ಪ್ರಮಾಣದಲ್ಲಿ ಬದುಕುಳಿದಿದ್ದರು. ಆದರೆ ಗಡ್ಡೆ ಹಲವು ಕಡೆ ಹರಡಿದ್ದರೆ, ವಿಕಿರಣ ಕೊಡಲಾಗದಿದ್ದರೆ ಪೂರ್ತಿ ತೆಗೆಯಬೇಕಾಗುತ್ತದೆ. ಝಹ್ರಾವಿಯವರು ಮುಟ್ಟಬೇಡಿ ಎಂದ ದೊಡ್ಡ ಗಡ್ಡೆಯನ್ನೂ ಈಗ ಎಷ್ಟೋ ಸಲ ಮೊದಲು ಔಷಧಿಯಿಂದ ಕುಗ್ಗಿಸಿ ಆಮೇಲೆ ತೆಗೆಯುತ್ತಾರೆ.

ಸ್ತನ ತೆಗೆಸಿದ ಮೇಲೂ ಆಯ್ಕೆಗಳಿವೆ. ಬೆನ್ನು ಅಥವಾ ಹೊಟ್ಟೆಯ ಚರ್ಮ, ಮಾಂಸದಿಂದ ಹೊಸ ಸ್ತನ ರೂಪಿಸಬಹುದು. ಸಿಲಿಕೋನ್ ಇಂಪ್ಲಾಂಟ್ ಇಡಬಹುದು. ಇದನ್ನು ಅದೇ ಆಪರೇಷನ್ನಿನಲ್ಲಿ ಮಾಡಬಹುದು, ಚಿಕಿತ್ಸೆಯೆಲ್ಲ ಮುಗಿದ ಮೇಲೂ ಮಾಡಬಹುದು. ಇಂಪ್ಲಾಂಟ್ ಇಟ್ಟ ಕಡೆ ವಿಕಿರಣ ಬಿದ್ದರೆ ಸುತ್ತಲಿನ ಭಾಗ ಬಿಗಿದುಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಯಾವಾಗ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ತಂಬಾಕು, ಮಿಶ್ರಿ ಬಿಡದವರಿಗೆ ಗಾಯ ಮಾಯುವುದು ತಡ. ಇದಾವುದೂ ಬೇಡವೆಂದರೆ ಒಳಉಡುಪಿನಲ್ಲಿ ಕೃತಕ ಸ್ತನ ಇಟ್ಟುಕೊಳ್ಳಬಹುದು, ಇದ್ದಂತೆಯೇ ಇರಲೂಬಹುದು. ಹೊಸ ಸ್ತನ ಬೇಕೆನ್ನುವುದು ಶೋಕಿಯಲ್ಲ, ಬೇಡವೆನ್ನುವುದು ಕೊರತೆಯೂ ಅಲ್ಲ. ವೈದ್ಯರು ದಾರಿಗಳನ್ನು ವಿವರಿಸಲಿ, ಮನೆಯವರು ಜೊತೆಗಿರಲಿ. ಕೊನೆಯ ಮಾತು ಆ ಹೆಣ್ಣುಮಗಳದೇ ಆಗಿರಲಿ.

ತಾಯಂದಿರೇ, ಅಕ್ಕತಂಗಿಯರೇ, ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ನೋವಿಲ್ಲವೆಂದು ಸುಮ್ಮನಿರಬೇಡಿ. ನಾಚಿಕೆಯಾದರೆ ಲೇಡಿ ಡಾಕ್ಟರ ಹತ್ತಿರ ಹೋಗಿ. ಝಹ್ರಾವಿಯವರು ಸೂಲಗಿತ್ತಿಯರನ್ನು ಹುಡುಕಬೇಕಿತ್ತು, ನಮಗೆ ಆ ಕಷ್ಟವಿಲ್ಲ. ಐನಾಪುರಕ್ಕೆ ಮಿರಜ ಹತ್ತಿರ. ಅಲ್ಲಿಯೂ ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ನಿಮಗೆ ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ.

ಸಹೋದರರೇ, ಮನೆಯ ಹೆಂಗಸರು ಹಿಂಜರಿಯುತ್ತ ಒಂದು ಮಾತು ಹೇಳಿದರೆ ಹಬ್ಬ ಮುಗಿಯಲಿ, ಕಬ್ಬಿನ ಬಿಲ್ಲು ಬರಲಿ ಎಂದು ಮುಂದೂಡಬೇಡಿ. ಸಾವಿರ ವರ್ಷಗಳ ಹಿಂದೆ ಝಹ್ರಾವಿಯವರು ಸೋತು ಕಲಿತ ಪಾಠ ಇಂದಿಗೂ ಬದಲಾಗಿಲ್ಲ: ಗಡ್ಡೆ ಸಣ್ಣದಿದ್ದಾಗಲೇ ಆಯ್ಕೆ ದೊಡ್ಡದು.