ಬಳ್ಳಿಗಾವೆಯ ಶ್ರೀ ಅಲ್ಲಮಪ್ರಭುದೇವರು

ಶಿವಶರಣರ ಚರಿತ್ರೆಯನ್ನು ಬರೆಯಹೊರಟವರಿಗೆ ಸಾಮಗ್ರಿಯ ಕೊರತೆಯೇ ಸಾಮಾನ್ಯವಾಗಿ ತೊಡಕಾಗುವುದು. ಶ್ರೀ ಅಲ್ಲಮಪ್ರಭುದೇವರ ವಿಷಯದಲ್ಲಾದರೋ ತೊಡಕು ಬೇರೆ ತೆರನಾದುದು. ಅವರಿಗೆ ಒಂದಲ್ಲ, ಎರಡು ಚರಿತ್ರೆಗಳುಂಟು. ಎರಡೂ ಭಕ್ತಕವಿಗಳ ಕೃತಿಗಳು. ಎರಡೂ ಶಿವಭಕ್ತರ ಮನೆಗಳಲ್ಲಿ ಆದರದಿಂದ ಪಠಿಸಲ್ಪಟ್ಟವು. ಆದರೂ ಮುಖ್ಯವಾದ ಒಂದು ಸಂಗತಿಯಲ್ಲಿ ಒಂದು ಹೌದೆಂದುದನ್ನು ಮತ್ತೊಂದು ಅಲ್ಲವೆನ್ನುವುದು. ಪ್ರಭುದೇವರು ಒಮ್ಮೆ ಸಂಸಾರಿಯಾಗಿದ್ದು ಅಗಲಿಕೆಯ ದುಃಖವನ್ನುಂಡವರೋ, ಇಲ್ಲವೆ ಮಾಯೆಯು ಎಂದಿಗೂ ಮುಟ್ಟದ ನಿರ್ಲಿಪ್ತರೋ ಎಂಬುದೇ ಆ ಸಂಗತಿ.

ಕುಪ್ಪಗಡ್ಡೆಯ ಸೀಮೆಯ ಸದ್ಭಕ್ತರಿಗೆ ಈ ಕಥೆಯ ನೆಲವು ಅಪರಿಚಿತವಲ್ಲ. ಪ್ರಭುದೇವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಳ್ಳಿಗಾವೆಯು ಶಿಕಾರಿಪುರದ ತಾಲ್ಲೂಕಿನಲ್ಲಿರುವುದು. ಕಥೆಯಲ್ಲಿ ಬರುವ ಬನವಾಸಿಯು ಸೊರಬದ ಎಲ್ಲೆಗೆ ತಾಗಿದಂತಿರುವುದು. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯು ಇಂದಿನಂತೆ ಸಣ್ಣ ಹಳ್ಳಿಯಾಗಿರದೆ ದೇವಾಲಯಗಳಿಂದಲೂ ಮಠಗಳಿಂದಲೂ ತುಂಬಿದ ರಾಜಧಾನಿಯಾಗಿದ್ದಿತು. ಅಲ್ಲಿಯ ಕೇದಾರೇಶ್ವರ ಸನ್ನಿಧಿಯ ಕೋಡಿಯಮಠದಲ್ಲಿ ವೇದ ವ್ಯಾಕರಣಾದಿ ಶಾಸ್ತ್ರಗಳ ಪಾಠವೂ, ಹಸಿದವರಿಗೆ ಅನ್ನವೂ, ರೋಗಿಗಳಿಗೆ ಔಷಧವೂ ನಡೆಯುತ್ತಿದ್ದುವೆಂದು ಕ್ರಿ. ಶ. 1162ರ ಶಾಸನವು ಸಾರುವುದು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಇದನ್ನು ಕಾಣಬಹುದು. ವಿದ್ಯೆಯೂ ನೃತ್ಯಗೀತಗಳೂ ಮೆರೆದ ಇಂತಹ ಪಟ್ಟಣದಲ್ಲಿ ಮದ್ದಳೆಯ ಬಾಲಕನೊಬ್ಬನು ಬೆಳೆದನೆಂಬುದು ಸಹಜವೇ ಆಗಿದೆ.

ಎರಡು ಚರಿತ್ರೆಗಳಲ್ಲಿ ಹಿರಿಯದು ಹರಿಹರ ಮಹಾಕವಿಯ ಪ್ರಭುದೇವರ ರಗಳೆ. ಆ ಕವಿಯ ಕಾಲವು ಸುಮಾರು ಕ್ರಿ. ಶ. 1200 ಆದುದರಿಂದ ಶರಣರನ್ನು ಕಂಡವರ ಮಾತುಗಳು ಅವನ ಕಾಲದಲ್ಲಿ ಪೂರ್ತಿಯಾಗಿ ಮಾಸಿರಲಾರವು. ಅವನು ಹೇಳುವ ಪ್ರಕಾರ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗನು, ಮದ್ದಳೆಯಲ್ಲಿ ನಿಪುಣನು. ಕಮಲತೆಯೆಂಬ ಕನ್ಯೆಯನ್ನು ಒಲಿದು ವರಿಸಿ, ಲೋಕವನ್ನೇ ಮರೆತು ಸುಖದಲ್ಲಿದ್ದನು. ಆ ಸುಖವು ಬಾಳಲಿಲ್ಲ. ಕಮಲತೆಗೆ ಜ್ವರವು ಬಂದು ಆಕೆ ತೀರಿಕೊಂಡಳು. ಅಲ್ಲಮನು ಹುಚ್ಚನಂತೆ ಅಲೆಯುತ್ತ ಒಂದು ತೋಟದಲ್ಲಿ ಕುಳಿತು, ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರಲು ಹೊನ್ನಿನ ಕಳಸವೊಂದು ಕಾಣಿಸಿತು. ಅದು ಹೂತುಹೋಗಿದ್ದ ಗುಡಿಯ ಕಳಸವಾಗಿದ್ದಿತು. ಅಗೆಸಿ ಬಾಗಿಲನ್ನು ತೆರೆದು ಒಳಹೊಕ್ಕಾಗ, ಕರಸ್ಥಲದಲ್ಲಿ ಲಿಂಗವನ್ನಿಟ್ಟು ರೆಪ್ಪೆಯಿಕ್ಕದೆ ಕುಳಿತಿದ್ದ ಅನಿಮಿಷಯ್ಯನ ದರ್ಶನವಾಯಿತು. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಅನಿಮಿಷಯ್ಯನ ಪ್ರಾಣವು ಬಯಲಾಯಿತು. ಗುಹೇಶ್ವರನೆಂಬ ಅಂಕಿತಕ್ಕೆ ನೆಲದೊಳಗಿನ ಈ ಗುಡಿಯೇ ಮೂಲವಾಗಿರಬೇಕೆಂದು ಊಹಿಸುವವರುಂಟು.

ಎರಡನೆಯದು ಚಾಮರಸ ಕವಿಯ ಪ್ರಭುಲಿಂಗಲೀಲೆ. ಇದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಹುಟ್ಟಿದುದು. ಮುಂದೆ ಶಿವಪ್ರಕಾಶರಿಂದ ತಮಿಳಿಗೂ ಇಳಿದುದು. ಇದರಲ್ಲಿ ಪ್ರಭುವಿನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಬನವಾಸಿಯ ಅರಸು ಮಮಕಾರ, ರಾಣಿ ಮೋಹಿನಿ. ಅವರ ಮಗಳೇ ಮಾಯಾದೇವಿ. ಮಧುಕೇಶ್ವರನ ಗುಡಿಯಲ್ಲಿ ಪ್ರಭುವು ಮದ್ದಳೆಯನ್ನು ಬಾರಿಸಿದನು. ಮಾಯೆಯು ಅವನಿಗೆ ಮರುಳಾದಳು. ಆದರೆ ಅವನು ಆಕೆಯ ಕೈಗೆ ಸಿಕ್ಕದೆ ಹೊರಟುಹೋದನು. ಇಲ್ಲಿ ವಿವಾಹವಿಲ್ಲ, ಮರಣವಿಲ್ಲ, ಶೋಕವೂ ಇಲ್ಲ. ಹೆಸರುಗಳನ್ನು ಕೇಳಿದ ಮಾತ್ರದಿಂದಲೇ ಕವಿಯು ಊರ ವೃತ್ತಾಂತವನ್ನಲ್ಲ, ತತ್ತ್ವವನ್ನು ಹೇಳಹೊರಟಿರುವನೆಂಬುದು ವಿದಿತವಾಗುವುದು.

ಈ ಭೇದವು ಪ್ರಭುದೇವರೊಬ್ಬರಿಗೇ ಸಂಬಂಧಿಸಿದುದಲ್ಲ. ನೆರೆಯ ಉಡುತಡಿಯ ಮಹಾದೇವಿಯಕ್ಕನು ಕೌಶಿಕನನ್ನು ವರಿಸಿದಳೆಂದು ಹರಿಹರನು ಹೇಳಿದರೆ, ವಿವಾಹವೇ ನಡೆಯಲಿಲ್ಲವೆಂದು ಚಾಮರಸನು ಹೇಳುವನು. ಮೊದಲನೆಯವನು ಶರಣರನ್ನು ಮನುಷ್ಯರಾಗಿ ನಡೆಯಿಸಿ ಶಿವನೆಡೆಗೆ ಒಯ್ಯುವನು. ಎರಡನೆಯವನು ಶಿವನನ್ನೇ ಶರಣರ ರೂಪದಲ್ಲಿ ಇಳಿಸಿ ತೋರುವನು.

ಮುಂದಿನ ಚರಿತ್ರೆಯಲ್ಲಿ ಪರಂಪರೆಯು ಒಮ್ಮತಕ್ಕೆ ಬರುವುದು. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಮರುಗುತ್ತಿದ್ದ ಮುಕ್ತಾಯಕ್ಕನನ್ನು ಪ್ರಭುದೇವರು ಸಂತೈಸಿದರು. ಸೊನ್ನಲಿಗೆಯಲ್ಲಿ ಕೆರೆ ದೇಗುಲಗಳ ಕಾರ್ಯದಲ್ಲಿ ಮುಳುಗಿದ್ದ ಸಿದ್ಧರಾಮರಿಗೆ ಅಂತರಂಗದ ಲಿಂಗವನ್ನು ತೋರಿ ಕಲ್ಯಾಣಕ್ಕೆ ಕರೆತಂದರು. ಅಲ್ಲಿ ಬಸವಣ್ಣನವರ ಸಮ್ಮುಖದಲ್ಲಿ ಶೂನ್ಯಸಿಂಹಾಸನವನ್ನೇರಿ, ಅಕ್ಕಮಹಾದೇವಿಯ ನಿಲವನ್ನು ಒರೆಗೆ ಹಚ್ಚಿ, ಆಕೆಯ ಹಿರಿಮೆಯನ್ನು ಎಲ್ಲರಿಗೂ ಅರುಹಿದರು. ವಜ್ರಕಾಯನೆಂಬ ಹೆಮ್ಮೆಯ ಗೋರಕ್ಷನಿಗೆ, ಕತ್ತಿಯು ತಾಗದ ಬಯಲೇ ದೇಹಕ್ಕಿಂತ ಹಿರಿದೆಂದು ತಿಳಿಸಿದರು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯೆಂಬ ಸಂಸ್ಕೃತ ಗ್ರಂಥದ ಸಿದ್ಧರ ನಾಮಾವಳಿಯಲ್ಲಿ ಅಲ್ಲಮಪ್ರಭುದೇವರ ಹೆಸರೂ ಬಂದಿರುವುದನ್ನು ನೋಡಿದರೆ, ಅವರ ಕೀರ್ತಿಯು ಕನ್ನಡನಾಡಿನ ಆಚೆಗೂ ಹಬ್ಬಿದ್ದಿತೆಂಬುದು ನಿಶ್ಚಯ. ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದೇ ನಂಬುಗೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಾವು ಕೇಳಿರುವ ಪುರಾಣ ಪ್ರವಚನಗಳಲ್ಲಿ ಕಮಲತೆಯ ಪ್ರಸಂಗವನ್ನು ಮೆಲ್ಲನೆ ಬಿಟ್ಟುಬಿಡುವವರುಂಟು. ಮಾಯೆ ಕಮಲತೆಯರನ್ನು ಒಬ್ಬಳೇ ಎಂದು ಹೇಳಿ ಹೊಂದಿಸುವವರೂ ಉಂಟು. ಪ್ರಭುವಿಗೆ ಸತಿವಿಯೋಗದ ಕಣ್ಣೀರನ್ನು ಹೇಳಿದರೆ ಮಹಿಮೆಗೆ ಕುಂದೆಂಬ ಭಯವೇ ಇದಕ್ಕೆ ಕಾರಣವು. ನಮ್ಮ ಅಲ್ಪಮತಿಗೆ ಈ ಭಯವು ಸಲ್ಲದೆಂದು ತೋರುವುದು. ಶಾಸನದಂತೆ ಸಾಕ್ಷಿ ನುಡಿಯುವ ಕಲ್ಲು ಈ ಪ್ರಶ್ನೆಗೆ ದೊರೆಯದಿರುವಾಗ, ಒಬ್ಬ ಭಕ್ತಕವಿಯ ಮಾತನ್ನುಳಿಸಲು ಮತ್ತೊಬ್ಬನ ಮಾತನ್ನು ಮುಚ್ಚುವುದು ಭಕ್ತಿಯೂ ಅಲ್ಲ, ವಿದ್ಯೆಯೂ ಅಲ್ಲ. ಕಾಲದಲ್ಲಿ ಹತ್ತಿರದವನಾದ ಹರಿಹರನ ಮಾತಿಗೆ ಚರಿತ್ರೆಯ ತೂಕವು ಹೆಚ್ಚೆಂದೂ, ಚಾಮರಸನದು ಸಿದ್ಧಸ್ಥಿತಿಯ ವರ್ಣನೆಯೆಂದೂ ತಿಳಿದರೆ ಎರಡಕ್ಕೂ ಅನ್ಯಾಯವಾಗದು.

ಮುಕ್ತಾಯಕ್ಕನ ಶೋಕವನ್ನು ಹರಿಸಿದ ಮಹಾತ್ಮನು ತಾನೂ ಒಮ್ಮೆ ಶೋಕದಲ್ಲಿ ನೆಲವನ್ನು ಕೆರೆದವನಾಗಿದ್ದರೆ ಅದರಿಂದ ಅವನ ಹಿರಿಮೆಗೆ ಏನು ಕೊರತೆ? ಮನೆಯಲ್ಲಿ ಸಾವನ್ನು ಕಂಡು ಶ್ರೀಮಠದ ಮೆಟ್ಟಿಲಿಗೆ ಬಂದು ಕುಳಿತುಕೊಳ್ಳುವ ಭಕ್ತರನ್ನು ನಾವು ಕಂಡೇ ಇರುವೆವು. ಅವರಿಗೆ ಮಾಯೆಯನ್ನು ಗೆದ್ದ ಪ್ರಭುವು ದೂರದ ಬೆಳಕು. ಕಮಲತೆಯನ್ನು ಕಳೆದುಕೊಂಡ ಅಲ್ಲಮನಾದರೋ ಪಕ್ಕದಲ್ಲಿ ಕುಳಿತ ಬಂಧು. ಕಳಸವು ಕಂಡುದು ದುಃಖದ ಕಾಲುಗುರಿಗೇ ಎಂಬುದನ್ನು ಸದ್ಭಕ್ತರು ಮರೆಯದಿರಲಿ. ಈ ಮಹೋತ್ಸವದ ಪುಣ್ಯಕಾಲದಲ್ಲಿ ಪ್ರಭುದೇವರ ಕೃಪೆಯು ಸರ್ವರ ಮೇಲೆಯೂ ಇರಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.