ಆಚಾರ್ಯ ಸತ್ಯೇಂದ್ರನಾಥ ಬೋಸರು

ವಿದ್ಯೆಯು ಮೂಲದಲ್ಲಿ ಒಂದೇ ಆಗಿದ್ದು, ಕಲಿಯುವವರ ಅನುಕೂಲಕ್ಕಾಗಿ ಮಾತ್ರ ಅದನ್ನು ಹಲವು ಶಾಸ್ತ್ರಗಳಾಗಿ ವಿಂಗಡಿಸಿರುವರು. ಕಾಲಕ್ರಮದಲ್ಲಿ ಈ ವಿಂಗಡಣೆಯೇ ಗೋಡೆಯಾಗಿ ಬೆಳೆದು, ಗಣಿತವನ್ನು ಓದಿದವನು ಪ್ರಕೃತಿಯ ಕಡೆಗೆ ಕಣ್ಣೆತ್ತದೆಯೂ, ಪ್ರಕೃತಿಯನ್ನು ಪರೀಕ್ಷಿಸುವವನು ಗಣಿತಕ್ಕೆ ಅಂಜಿಯೂ ನಡೆಯುವಂತಾಗುವುದುಂಟು. ಗಣಿತ ಮತ್ತು ಭೌತಶಾಸ್ತ್ರಗಳನ್ನು ಒಂದೇ ವ್ಯಾಸಂಗವಾಗಿ ಕೈಕೊಂಡು, ಆ ವ್ಯಾಸಂಗದ ಫಲವನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟ ಭಾರತೀಯರಲ್ಲಿ ಆಚಾರ್ಯ ಸತ್ಯೇಂದ್ರನಾಥ ಬೋಸರು ಅಗ್ರಗಣ್ಯರು. ಇವರ ಹೆಸರು ಇಂದು ವಿಶ್ವದ ಮೂಲಕಣಗಳ ಒಂದು ಇಡೀ ವರ್ಗಕ್ಕೆ ಸಂದಿರುವುದು. ಆದರೂ ಇವರು ತಮ್ಮ ಜೀವಮಾನವನ್ನೆಲ್ಲ ಪಾಠ ಹೇಳುವ ಉಪಾಧ್ಯಾಯರಾಗಿಯೇ ಕಳೆದರೆಂಬುದು ಗಮನಾರ್ಹವಾದ ವಿಷಯವು.

ಜನನ ಮತ್ತು ಬಾಲ್ಯ

ಸತ್ಯೇಂದ್ರನಾಥರು ಕ್ರಿ. ಶ. 1894 ನೆಯ ಇಸವಿ ಜನವರಿ 1 ನೆಯ ತಾರೀಖು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಸುರೇಂದ್ರನಾಥ ಬೋಸರು ರೈಲ್ವೆಯಲ್ಲಿ ಲೆಕ್ಕಪತ್ರದ ಉದ್ಯೋಗದಲ್ಲಿದ್ದರು. ಏಳು ಮಕ್ಕಳಲ್ಲಿ ಇವರೇ ಹಿರಿಯರು. ಉಳಿದ ಆರೂ ಮಂದಿ ಹೆಣ್ಣುಮಕ್ಕಳು. ತಂದೆಯು ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ನೆಲದ ಮೇಲೆ ಲೆಕ್ಕಗಳನ್ನು ಬರೆದಿಟ್ಟು ಹೋಗುತ್ತಿದ್ದರೆಂದೂ, ಅವರು ಹಿಂದಿರುಗುವಷ್ಟರಲ್ಲಿ ಬಾಲಕನು ಅವೆಲ್ಲವನ್ನೂ ಬಿಡಿಸಿಟ್ಟಿರುತ್ತಿದ್ದನೆಂದೂ ಹೇಳುವರು. ಹಿಂದೂ ಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದೊಂದು ಲೆಕ್ಕವನ್ನು ಹಲವು ಬಗೆಯಿಂದ ಬಿಡಿಸಿದ್ದನ್ನು ಕಂಡು ಮೆಚ್ಚಿದ ಗಣಿತದ ಉಪಾಧ್ಯಾಯರು ನೂರಕ್ಕೆ ನೂರಹತ್ತು ಅಂಕಗಳನ್ನು ಕೊಟ್ಟರೆಂಬ ಪ್ರತೀತಿಯೂ ಉಂಟು. ಒಂದೇ ಗುರಿಗೆ ಹಲವು ದಾರಿಗಳನ್ನು ಹುಡುಕುವ ಈ ಸ್ವಭಾವವು ಮುಂದೆ ಇವರ ಕೀರ್ತಿಗೆ ಕಾರಣವಾಯಿತು.

ಮಿಶ್ರ ಗಣಿತದ ವ್ಯಾಸಂಗ

1909 ರಲ್ಲಿ ಸತ್ಯೇಂದ್ರನಾಥರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಜಗದೀಶಚಂದ್ರ ಬೋಸರೂ ಪ್ರಫುಲ್ಲಚಂದ್ರ ರಾಯರೂ ಆಗ ಅಲ್ಲಿ ಬೋಧಿಸುತ್ತಿದ್ದರು. ಎರಡು ವರ್ಷಗಳ ಬಳಿಕ ಢಾಕಾ ಜಿಲ್ಲೆಯ ಹಳ್ಳಿಯೊಂದರ ಬಡ ಅಂಗಡಿಕಾರರ ಮಗನಾದ ಮೇಘನಾದ ಸಾಹರು ಬಂದು ಇವರ ಸಹಪಾಠಿಯಾದರು. ಹುಟ್ಟಿದ ಜಾತಿಯ ಕಾರಣದಿಂದ ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿ ಸಾಹರಿಗೆ ಅವಮಾನವು ಕಾದಿದ್ದಿತು; ಆದರೆ ವಿದ್ಯೆಯ ಪಂಕ್ತಿಯಲ್ಲಿ ಇಂತಹ ಭೇದವಿಲ್ಲದೆ, ಈ ಇಬ್ಬರ ಸ್ನೇಹವು ಕೊನೆಯವರೆಗೂ ಉಳಿಯಿತು.

ಆ ಕಾಲದ ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಗಣಿತವು ಶುದ್ಧ ಗಣಿತವೆಂದೂ ಮಿಶ್ರ ಗಣಿತವೆಂದೂ ಎರಡು ಕವಲಾಗಿದ್ದಿತು. ಸಂಖ್ಯೆ, ಆಕೃತಿ ಮೊದಲಾದವುಗಳನ್ನು ಅವುಗಳಿಗಾಗಿಯೇ ವಿಚಾರಿಸುವುದು ಶುದ್ಧ ಗಣಿತವು. ವಸ್ತುಗಳ ಚಲನೆ, ದ್ರವಗಳ ಹರಿವು, ಗ್ರಹಗಳ ಗತಿ ಮೊದಲಾದ ಪ್ರಕೃತಿಯ ವ್ಯಾಪಾರಗಳನ್ನು ಗಣಿತದ ನಿಯಮಗಳಿಂದ ತಿಳಿಯುವುದು ಮಿಶ್ರ ಗಣಿತವು. ಮಿಶ್ರ ಗಣಿತದ ಪದವಿಯು ಹೆಸರಿಗೆ ಗಣಿತದ್ದಾದರೂ, ಅದನ್ನು ಓದಿದವನು ಭೌತಶಾಸ್ತ್ರದ ಹೊಸ್ತಿಲನ್ನು ದಾಟಿಯೇ ಇರುತ್ತಿದ್ದನು. ಸತ್ಯೇಂದ್ರನಾಥರು ಈ ಮಾರ್ಗವನ್ನೇ ಆರಿಸಿಕೊಂಡು, 1913 ರಲ್ಲಿ ಬಿ. ಎಸ್‌ಸಿ. ಪದವಿಯನ್ನೂ 1915 ರಲ್ಲಿ ಎಂ. ಎಸ್‌ಸಿ. ಪದವಿಯನ್ನೂ ಪ್ರಥಮ ಸ್ಥಾನದಲ್ಲಿ ಪಡೆದರು. ಎರಡು ಸಲವೂ ದ್ವಿತೀಯ ಸ್ಥಾನವು ಸಾಹರದು.

ಉಪಾಧ್ಯಾಯರೇ ವಿದ್ಯಾರ್ಥಿಗಳಾದುದು

ಇಷ್ಟು ಕೀರ್ತಿಯಿಂದ ತೇರ್ಗಡೆಯಾದರೂ ಮುಂದಿನ ದಾರಿಯು ಸುಗಮವಾಗಿರಲಿಲ್ಲ. ದೇಶದಲ್ಲಿ ಸಂಶೋಧನೆಗೆ ಸೌಕರ್ಯಗಳು ವಿರಳವಾಗಿದ್ದುವು. ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದುದರಿಂದ ಯೂರೋಪಿನ ಗ್ರಂಥಗಳೂ ಪತ್ರಿಕೆಗಳೂ ಸಕಾಲದಲ್ಲಿ ಬರುತ್ತಿರಲಿಲ್ಲ. ಇಂತಹ ಸಮಯದಲ್ಲಿ ಈ ತರುಣರಿಗೆ ಆಶ್ರಯವಿತ್ತವರು ಸರ್ ಆಶುತೋಷ ಮುಖರ್ಜಿಯವರು. ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಇವರು ತಮ್ಮ ಯೌವನದಲ್ಲಿ ಗಣಿತ ಮತ್ತು ಭೌತವಿಜ್ಞಾನಗಳೆರಡರಲ್ಲಿಯೂ ಎಂ. ಎ. ಪದವಿಗಳನ್ನು ಸಂಪಾದಿಸಿದ್ದವರು. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷರೆಂಬ ಇಬ್ಬರು ನ್ಯಾಯವಾದಿಗಳ ಮಹಾದಾನದಿಂದ ವಿಜ್ಞಾನದ ಉಚ್ಚ ಶಿಕ್ಷಣಕ್ಕಾಗಿ ಒಂದು ಕಾಲೇಜನ್ನು ಕಟ್ಟಲು ಇವರು 1914 ರಲ್ಲಿ ಅಸ್ತಿಭಾರವನ್ನು ಹಾಕಿಸಿದ್ದರು. ಸತ್ಯೇಂದ್ರನಾಥರೂ ಸಾಹರೂ ಇಲ್ಲಿಗೆ ಅಧ್ಯಾಪಕರಾಗಿ ನೇಮಕಗೊಂಡು, ಮೊದಲು ಗಣಿತದ ವಿಭಾಗದಲ್ಲಿದ್ದು, ಸ್ವಲ್ಪ ಕಾಲದಲ್ಲಿಯೇ ಭೌತಶಾಸ್ತ್ರದ ವಿಭಾಗಕ್ಕೆ ಬಂದರು. ಮುಂದೆ ಬೆಂಗಳೂರಿನಲ್ಲಿ ನೆಲಸಿ ಕನ್ನಡಿಗರಿಗೆ ಚಿರಪರಿಚಿತರಾದ ಸರ್ ಸಿ. ವಿ. ರಾಮನ್ ಅವರು ಇದೇ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು 1917 ರಲ್ಲಿ ಅಲಂಕರಿಸಿದರು.

ಗಣಿತದ ಪದವೀಧರರು ಭೌತಶಾಸ್ತ್ರವನ್ನು ಬೋಧಿಸಬೇಕು. ಅದೂ ತಮಗೆ ಯಾರೂ ಬೋಧಿಸದಿದ್ದ ಹೊಸ ಭೌತಶಾಸ್ತ್ರವನ್ನು! ಸಾಪೇಕ್ಷತಾ ಸಿದ್ಧಾಂತವೂ ಕ್ವಾಂಟಂ ಸಿದ್ಧಾಂತವೂ ಆಗತಾನೆ ಯೂರೋಪಿನಲ್ಲಿ ತಲೆಯೆತ್ತುತ್ತಿದ್ದುವು. ಅವುಗಳ ಮೂಲ ಲೇಖನಗಳು ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿದ್ದುವು. ಈ ತರುಣರು ಧೃತಿಗೆಡದೆ ಜರ್ಮನ್ ಭಾಷೆಯನ್ನು ಕಲಿತರು. ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಡಾಕ್ಟರ್ ಬ್ರೂಲ್ ಎಂಬವರಿಂದ ಗ್ರಂಥಗಳನ್ನು ಎರವಲು ತಂದು ಓದಿದರು. ಹೀಗೆ ರಾತ್ರಿ ತಾವು ಕಲಿತುದನ್ನೇ ಹಗಲು ಶಿಷ್ಯರಿಗೆ ಹೇಳಿಕೊಡುವಂತಹ ಅಧ್ಯಾಪನವು ನಡೆಯಿತು. 1918 ರಲ್ಲಿ ಇಬ್ಬರೂ ಕೂಡಿ ಅನಿಲಗಳ ಸ್ಥಿತಿಯನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. 1920 ರಲ್ಲಿ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಲೇಖನಗಳನ್ನು ಜರ್ಮನಿನಿಂದ ಇಂಗ್ಲಿಷಿಗೆ ಅನುವಾದಿಸಿದರು; ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಅದನ್ನು ಗ್ರಂಥರೂಪವಾಗಿ ಹೊರತಂದಿತು. ಆ ಲೇಖನಗಳಿಗೆ ಇಂಗ್ಲಿಷಿನಲ್ಲಿ ಬಂದ ಮೊದಮೊದಲ ಅನುವಾದಗಳಲ್ಲಿ ಇದು ಒಂದು.

ಢಾಕಾದಲ್ಲಿ ಎದುರಾದ ಸಂದೇಹ

1921 ರಲ್ಲಿ ಢಾಕಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಲು, ಸತ್ಯೇಂದ್ರನಾಥರು ಅಲ್ಲಿಗೆ ಭೌತಶಾಸ್ತ್ರದ ರೀಡರಾಗಿ ಹೋದರು. ಅಲ್ಲಿ ಎಂ. ಎಸ್‌ಸಿ. ವಿದ್ಯಾರ್ಥಿಗಳಿಗೆ ಪ್ಲಾಂಕ್ ಎಂಬ ಜರ್ಮನ್ ಪಂಡಿತರ ವಿಕಿರಣ ನಿಯಮವನ್ನು ಪಾಠ ಹೇಳಬೇಕಾಗಿ ಬಂದಾಗ ಇವರ ಮನಸ್ಸಿನಲ್ಲಿ ಒಂದು ಕಂಟಕವು ನಾಟಿತು.

ಕಾಯ್ದ ಕುಲುಮೆಯ ಒಳಗಿನ ಬೆಳಕಿನಲ್ಲಿ ಯಾವ ಯಾವ ಬಣ್ಣಕ್ಕೆ ಎಷ್ಟೆಷ್ಟು ಶಕ್ತಿಯು ಹಂಚಿಹೋಗುವುದೆಂಬುದನ್ನು ಪ್ಲಾಂಕರು 1900 ರಲ್ಲಿ ಒಂದು ಸೂತ್ರದಿಂದ ತಿಳಿಸಿದ್ದರು. ಸೂತ್ರವು ಪ್ರಯೋಗಗಳಿಗೆ ಸರಿಯಾಗಿ ಒಪ್ಪುತ್ತಿದ್ದಿತು. ಆದರೆ ಅದನ್ನು ಸಾಧಿಸುವ ಕ್ರಮದಲ್ಲಿ ಒಂದು ಅಂಶವು ಬೆಳಕನ್ನು ಎಡೆಬಿಡದ ಅಲೆಯೆಂದು ತಿಳಿಯುವ ಹಳೆಯ ಶಾಸ್ತ್ರದಿಂದಲೂ, ಇನ್ನೊಂದು ಅಂಶವು ಶಕ್ತಿಯು ಬಿಡಿ ಬಿಡಿ ಗಂಟುಗಳಾಗಿರುವುದೆಂಬ ಹೊಸ ಶಾಸ್ತ್ರದಿಂದಲೂ ಬಂದಿದ್ದುವು. ಪರಸ್ಪರ ಒಪ್ಪದ ಎರಡು ಮತಗಳನ್ನು ಒಂದೇ ಸಾಧನೆಯಲ್ಲಿ ಬೆಸೆದಂತಾಗಿದ್ದಿತು. ಉತ್ತರವು ಸರಿಯಾಗಿರುವುದರಿಂದ ದಾರಿಯ ವಿಚಾರವು ಅಷ್ಟು ಮುಖ್ಯವಲ್ಲವೆಂದು ಪಾಠವನ್ನು ಮುಗಿಸಿಬಿಡಬಹುದಾಗಿದ್ದಿತು. ಆದರೆ ತಾವು ನಂಬದ ಸಾಧನೆಯನ್ನು ಶಿಷ್ಯರ ಮುಂದೆ ಒಪ್ಪಿಸಿಬಿಡುವುದು ಸತ್ಯೇಂದ್ರನಾಥರಿಗೆ ಒಗ್ಗಲಿಲ್ಲ. ಇದೇ ಸಮಯದಲ್ಲಿ ಢಾಕಾಕ್ಕೆ ಬಂದಿದ್ದ ಸಾಹರೂ ಈ ವಿಷಯದ ಹೊಸ ಲೇಖನಗಳ ಕಡೆಗೆ ಗೆಳೆಯರ ಗಮನವನ್ನು ಸೆಳೆದರು.

ಇಲ್ಲಿ ಮಿಶ್ರ ಗಣಿತದ ವ್ಯಾಸಂಗವು ಕೈಗೆ ಬಂದಿತು. ಸತ್ಯೇಂದ್ರನಾಥರು ಅಲೆಗಳ ಶಾಸ್ತ್ರವನ್ನು ಪೂರ್ಣವಾಗಿ ಬದಿಗಿರಿಸಿ, ಬೆಳಕೆಲ್ಲವೂ ಕಣಗಳೇ ಎಂದು ಹಿಡಿದರು. ಕಣದ ಸ್ಥಾನವನ್ನೂ ಗತಿಯನ್ನೂ ಒಟ್ಟಿಗೆ ಗುರುತಿಸುವ ಗಣಿತದ ಕ್ಷೇತ್ರವನ್ನು ಕಲ್ಪಿಸಿ, ಅದನ್ನು ಪ್ಲಾಂಕರ ಸ್ಥಿರಾಂಕದಿಂದ ಅಳೆದ ಚಿಕ್ಕ ಚಿಕ್ಕ ಕೋಣೆಗಳಾಗಿ ಭಾಗಿಸಿ, ಆ ಕೋಣೆಗಳಲ್ಲಿ ಕಣಗಳು ಎಷ್ಟು ಬಗೆಯಾಗಿ ಹಂಚಿಕೊಳ್ಳಬಹುದೆಂದು ಎಣಿಸಿದರು. ಅವರ ಎಣಿಕೆಯ ಮರ್ಮವನ್ನು ಒಂದು ಸಣ್ಣ ದೃಷ್ಟಾಂತದಿಂದ ತಿಳಿಯಬಹುದು. ಎರಡು ಬಟ್ಟಲುಗಳಲ್ಲಿ ಒಂದು ಕಡಲೆಯ ಕಾಳನ್ನೂ ಒಂದು ಹೆಸರಿನ ಕಾಳನ್ನೂ ಹಾಕುವುದಾದರೆ ನಾಲ್ಕು ವಿಧಗಳುಂಟು: ಎರಡೂ ಮೊದಲನೆಯದರಲ್ಲಿ, ಎರಡೂ ಎರಡನೆಯದರಲ್ಲಿ, ಮತ್ತು ಒಂದೊಂದರಲ್ಲಿ ಒಂದೊಂದಾಗಿ ಎರಡು ಬಗೆ. ಎರಡು ಕಾಳುಗಳೂ ಒಂದರಿಂದೊಂದನ್ನು ಯಾವ ಬಗೆಯಿಂದಲೂ ಗುರುತಿಸಲು ಬಾರದಂತಿದ್ದರೆ, ಕೊನೆಯ ಎರಡು ಬಗೆಗಳು ಒಂದೇ ಆಗಿ, ವಿಧಗಳು ಮೂರೇ ಆಗುವುವು. ಆಗ ಎರಡು ಕಾಳುಗಳೂ ಒಂದೇ ಬಟ್ಟಲಿನಲ್ಲಿ ಇರುವ ಸಂಭವವು ಅರ್ಧದಿಂದ ಮೂರರಲ್ಲಿ ಎರಡು ಭಾಗಕ್ಕೆ ಏರುವುದು. ಬೆಳಕಿನ ಕಣಗಳಿಗೆ ಪ್ರತ್ಯೇಕ ಗುರುತಿಲ್ಲವೆಂಬ ಈ ಅರ್ಥವು ಸತ್ಯೇಂದ್ರನಾಥರ ಎಣಿಕೆಯಲ್ಲಿ ಅಡಗಿದ್ದಿತು. ಅಂತಹ ಎಣಿಕೆಯಿಂದ ಪ್ಲಾಂಕರ ಸೂತ್ರವು ಹಳೆಯ ಶಾಸ್ತ್ರದ ನೆರವಿಲ್ಲದೆ ತಾನೇ ತಾನಾಗಿ ಹೊರಬಂದಿತು. ಗಣಿತವನ್ನು ಮಾತ್ರ ಬಲ್ಲವನಿಗೆ ಈ ಸಂದೇಹವು ಹುಟ್ಟುತ್ತಿರಲಿಲ್ಲ. ಪ್ರಯೋಗವನ್ನು ಮಾತ್ರ ಬಲ್ಲವನಿಗೆ ಈ ಪರಿಹಾರವು ಹೊಳೆಯುತ್ತಿರಲಿಲ್ಲ.

ಐನ್‌ಸ್ಟೈನರಿಗೆ ಬರೆದ ಪತ್ರ

1924 ನೆಯ ಇಸವಿ ಜೂನ್ 4 ನೆಯ ತಾರೀಖು ಸತ್ಯೇಂದ್ರನಾಥರು ಈ ಪುಟ್ಟ ಲೇಖನವನ್ನು ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರಿಗೆ ಕಳುಹಿಸಿದರು. ಆಗ ಇವರಿಗೆ ಮೂವತ್ತು ವರ್ಷ. ಕೈಯಲ್ಲಿ ಡಾಕ್ಟರ್ ಪದವಿಯಿರಲಿಲ್ಲ. ಪತ್ರವನ್ನು ಪಡೆಯುವವರು ಜಗದ್ವಿಖ್ಯಾತರು. ತಾವು ಅಪರಿಚಿತರಾದರೂ ಅವರ ಬರಹಗಳ ಮೂಲಕ ಅವರ ಶಿಷ್ಯರೇ ಎಂಬ ವಿನಯದಿಂದ, ಲೇಖನವು ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಬೇಕೆಂದು ಬೇಡಿಕೊಂಡರು. ಐನ್‌ಸ್ಟೈನರು ಅದರ ಬೆಲೆಯನ್ನು ಕೂಡಲೇ ಅರಿತು, ತಾವೇ ಜರ್ಮನ್ ಭಾಷೆಗೆ ಅನುವಾದಿಸಿ, ಇದು ಮಹತ್ವದ ಮುನ್ನಡೆಯೆಂಬ ತಮ್ಮ ಅಭಿಪ್ರಾಯವನ್ನೂ ಸೇರಿಸಿ, ಆ ವರ್ಷವೇ ಪ್ರಕಟಪಡಿಸಿದರು. ನಾಲ್ಕು ವರ್ಷಗಳ ಹಿಂದೆ ಐನ್‌ಸ್ಟೈನರ ಲೇಖನಗಳಿಗೆ ಭಾರತೀಯ ತರುಣರು ಅನುವಾದಕರಾಗಿದ್ದರು. ಈಗ ಅವರಲ್ಲೊಬ್ಬರ ಲೇಖನಕ್ಕೆ ಐನ್‌ಸ್ಟೈನರೇ ಅನುವಾದಕರಾದರು. ಅಷ್ಟಕ್ಕೆ ನಿಲ್ಲದೆ, ಇದೇ ಎಣಿಕೆಯನ್ನು ಅನಿಲದ ಪರಮಾಣುಗಳಿಗೂ ವಿಸ್ತರಿಸಿ, ಅತ್ಯಂತ ಶೈತ್ಯದಲ್ಲಿ ಪರಮಾಣುಗಳು ಒಂದೇ ಸ್ಥಿತಿಗೆ ಇಳಿದು ಒಂದಾಗಿ ವರ್ತಿಸುವುವೆಂದು ಐನ್‌ಸ್ಟೈನರು ಊಹಿಸಿದರು.

ಈ ಮನ್ನಣೆಯ ಬಲದಿಂದ ಸತ್ಯೇಂದ್ರನಾಥರಿಗೆ ಎರಡು ವರ್ಷಗಳ ರಜೆಯು ದೊರೆತು, ಯೂರೋಪಿನ ಪ್ರವಾಸವು ಒದಗಿತು. ಪ್ಯಾರಿಸ್ಸಿನಲ್ಲಿ ಇವರು ಮದಾಂ ಕ್ಯೂರಿಯವರನ್ನು ಕಂಡರು. ಆ ಮಹಾತಾಯಿಯೂ ಸೊರ್ಬಾನ್ ವಿದ್ಯಾಪೀಠದಲ್ಲಿ 1893 ರಲ್ಲಿ ಭೌತಶಾಸ್ತ್ರದ ಪದವಿಯನ್ನೂ ಮರುವರ್ಷ ಗಣಿತದ ಪದವಿಯನ್ನೂ ಪಡೆದವರೇ. ಮೊದಲು ಫ್ರೆಂಚ್ ಭಾಷೆಯನ್ನು ಚೆನ್ನಾಗಿ ಕಲಿತು ಬರಬೇಕೆಂದು ಅವರು ಉಪದೇಶಿಸಲು, ತಮಗೆ ಆ ಭಾಷೆಯು ಬರುವುದೆಂದು ಹೇಳಲೂ ಇವರಿಗೆ ಸಂಕೋಚವಾಯಿತಂತೆ. ಬಳಿಕ 1925 ರಲ್ಲಿ ಬರ್ಲಿನ್ನಿಗೆ ಹೋಗಿ ಐನ್‌ಸ್ಟೈನರ ದರ್ಶನವನ್ನು ಪಡೆದು, 1926 ರಲ್ಲಿ ಢಾಕಾಕ್ಕೆ ಮರಳಿ, ಪ್ರಾಧ್ಯಾಪಕ ಪದವಿಯನ್ನೇರಿದರು.

ಉತ್ತರ ಜೀವನ

ಅಂದಿನಿಂದ 1945 ರವರೆಗೆ ಢಾಕಾದಲ್ಲಿಯೂ, ಅನಂತರ 1956 ರವರೆಗೆ ಕಲ್ಕತ್ತೆಯಲ್ಲಿಯೂ ಇವರು ಅಧ್ಯಾಪನವನ್ನು ನಡೆಸಿದರು. ಸೂತ್ರಗಳನ್ನು ಬರೆಯುವ ಕೈಯಿಂದಲೇ ಪ್ರಯೋಗಶಾಲೆಯ ಉಪಕರಣಗಳನ್ನು ಜೋಡಿಸಲೂ ಹಿಂಜರಿಯಲಿಲ್ಲ. ಎಸ್ರಾಜ್ ಎಂಬ ತಂತಿವಾದ್ಯವನ್ನು ಸೊಗಸಾಗಿ ನುಡಿಸುತ್ತಿದ್ದರು. ಬರೆದು ಪ್ರಕಟಿಸಿದುದಕ್ಕಿಂತ, ಬಳಿಗೆ ಬಂದವರ ಕಷ್ಟವಾದ ಲೆಕ್ಕಗಳನ್ನು ಬಿಡಿಸಿಕೊಟ್ಟು ಮರೆತುದೇ ಹೆಚ್ಚು.

ಉನ್ನತ ವಿಜ್ಞಾನವೂ ಮಾತೃಭಾಷೆಯಲ್ಲಿಯೇ ಜನರನ್ನು ಮುಟ್ಟಬೇಕೆಂಬುದು ಇವರ ದೃಢವಾದ ನಿಶ್ಚಯವಾಗಿದ್ದಿತು. ಇದಕ್ಕಾಗಿ 1948 ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಅದರ ಮೂಲಕ ಬಂಗಾಳಿಯಲ್ಲಿ ವಿಜ್ಞಾನದ ಮಾಸಪತ್ರಿಕೆಯನ್ನು ನಡೆಯಿಸಿದರು. ಇದಕ್ಕೂ ಮುಂಚೆ, 1937 ರಲ್ಲಿ, ಕವೀಂದ್ರ ರವೀಂದ್ರನಾಥ ಠಾಕೂರರು ತಮ್ಮ ವಿಜ್ಞಾನಗ್ರಂಥವಾದ ವಿಶ್ವಪರಿಚಯವನ್ನು ಇವರಿಗೆ ಅರ್ಪಿಸಿದ್ದರು. 1954 ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯೂ, 1958 ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ, 1959 ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ ಪದವಿಯೂ ಇವರನ್ನು ಅರಸಿಕೊಂಡು ಬಂದುವು. ನೋಬೆಲ್ ಪಾರಿತೋಷಕವು ಮಾತ್ರ ಇವರಿಗೆ ಸಲ್ಲಲಿಲ್ಲ. ಎಂಬತ್ತು ವರ್ಷಗಳ ತುಂಬು ಬಾಳನ್ನು ಬಾಳಿ, 1974 ನೆಯ ಇಸವಿ ಫೆಬ್ರವರಿ 4 ನೆಯ ತಾರೀಖು ಕಲ್ಕತ್ತೆಯಲ್ಲಿ ದಿವಂಗತರಾದರು.

ಇವರ ಎಣಿಕೆಗೆ ಒಳಪಡುವ ಕಣಗಳಿಗೆಲ್ಲ ಇಂಗ್ಲೆಂಡಿನ ಡಿರಾಕ್ ಎಂಬ ಪಂಡಿತರು ಬೋಸಾನ್ ಎಂಬ ಹೆಸರನ್ನು ಇಟ್ಟರು. ಐನ್‌ಸ್ಟೈನರು ಊಹಿಸಿದ್ದ ಶೈತ್ಯಸ್ಥಿತಿಯನ್ನು ಅಮೆರಿಕೆಯ ಪ್ರಯೋಗಶಾಲೆಗಳಲ್ಲಿ 1995 ರಲ್ಲಿ ಪ್ರತ್ಯಕ್ಷವಾಗಿ ಕಂಡರು. ಹಾಗೆ ಕಂಡ ಮೂವರಿಗೆ 2001 ರಲ್ಲಿ ನೋಬೆಲ್ ಪಾರಿತೋಷಕವು ಸಂದಿತು. ಆ ಸ್ಥಿತಿಯ ಹೆಸರಿನಲ್ಲಿ ಬೋಸ್ ಮತ್ತು ಐನ್‌ಸ್ಟೈನ್ ಇಬ್ಬರೂ ಜೊತೆಯಾಗಿ ನಿಂತಿರುವರು.

ಸತ್ಯೇಂದ್ರನಾಥರ ಚರಿತ್ರೆಯಿಂದ ಓದುವ ಮಕ್ಕಳೂ, ಅವರ ಓದಿಗೆ ಅನ್ನಾಶ್ರಯಗಳನ್ನು ಒದಗಿಸುವ ಮಹನೀಯರೂ ತಿಳಿಯತಕ್ಕುದು ಇಷ್ಟು: ಎರಡು ಶಾಸ್ತ್ರಗಳನ್ನು ಒಟ್ಟಿಗೆ ಕಲಿಯುವುದೆಂದರೆ ಎರಡು ಭಾರಗಳನ್ನು ಹೊರುವುದಲ್ಲ, ಒಂದರ ಬೆಳಕಿನಲ್ಲಿ ಇನ್ನೊಂದರ ಕೊರತೆಯನ್ನು ಕಾಣುವುದು. ಕಂಡ ಕೊರತೆಯನ್ನು ಮರೆಮಾಚದೆ, ಶಿಷ್ಯರ ಮುಂದೆ ನಿಲ್ಲುವ ಮುನ್ನ ಅದನ್ನು ತಿದ್ದಿಕೊಳ್ಳಲು ಯತ್ನಿಸಿದ ಒಬ್ಬ ಉಪಾಧ್ಯಾಯರಿಂದ ಲೋಕದ ಜ್ಞಾನಭಂಡಾರವು ವೃದ್ಧಿಯಾಯಿತು. ವಿದ್ಯಾರ್ಥಿಯ ಪ್ರಾಮಾಣಿಕತೆಯೂ ಗುರುವಿನ ಪ್ರಾಮಾಣಿಕತೆಯೂ ಒಂದೇ ಎಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವು ದೊರೆಯುವುದು ದುರ್ಲಭವು.